ದಿಬ್ಬದ ಚಿನ್ನದಲ್ಲಿ ಊರಿಗೆಷ್ಟು ಪಾಲು? ಕೆಜಿಎಫ್ ಮುಂದಿರುವ ಪ್ರಶ್ನೆ

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೋಲಾರ ಚಿನ್ನದ ಗಣಿಯ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂತು. ಬಿಜಿಎಂಎಲ್, ಅಂದರೆ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಸುಪರ್ದಿಯಲ್ಲಿರುವ ಸುಮಾರು ಒಂದು ಸಾವಿರ ಎಕರೆಯಲ್ಲಿ ಹರಡಿಕೊಂಡಿರುವ 13 ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಮರುದಿನವೇ ಕೆಜಿಎಫ್‌ಗೆ ಮರುಜೀವ ಎಂಬ ಮಾತು ಓಡಾಡತೊಡಗಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗಿನಿಂದ ಈ ಮಾತನ್ನು ಊರು ಹಲವು ಸಲ ಕೇಳಿದೆ. ಜಾಗತಿಕ ಟೆಂಡರ್ ಅಂದರು, 2013ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿಯನ್ನೂ ಬಿಟ್ಟುಕೊಟ್ಟಿತು. ಆಮೇಲೆ ಸುಮಾರು 3,200 ಎಕರೆಯಲ್ಲಿ ಕೈಗಾರಿಕಾ ಟೌನ್‌ಶಿಪ್ ಅಂದರು. ಈಗ ದಿಬ್ಬಗಳ ಸರದಿ.

ಈ ಎಲ್ಲ ಚರ್ಚೆಯಲ್ಲಿ ಒಂದು ಪ್ರಶ್ನೆಗೆ ಮಾತ್ರ ತಜ್ಞರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅಂದಾಜು ಕೊಟ್ಟಿದ್ದಾರೆ: ಇನ್ನೂ ಎಷ್ಟು ಚಿನ್ನ ಉಳಿದಿದೆ? ಆ ಚಿನ್ನ ತೆಗೆದ ಮೇಲೆ ಊರಿಗೆ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟೇ ಗಟ್ಟಿಯಾಗಿ ಕೇಳಿದಂತೆ ಕಾಣುವುದಿಲ್ಲ. ಪಾಳುಬಿದ್ದ ಕೈಗಾರಿಕಾ ಜಾಗವನ್ನು ಜನರಿಗೆ ಉಪಯೋಗವಾಗುವಂತೆ ಮತ್ತೆ ಕಟ್ಟುವ ಪ್ರಯತ್ನಗಳು ಜಗತ್ತಿನ ಹಲವೆಡೆ ನಡೆದಿವೆ. ಗೆದ್ದವನ್ನೂ ಸೋತವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟ. ಜನರ ಪಾಲು ಮೊದಲ ದಿನದ ಕಾಗದದಲ್ಲೇ ಬರೆದಿದ್ದರೆ ಉಳಿದಿದೆ. ಲಾಭ ಬಂದ ಮೇಲೆ ನೋಡೋಣ ಎಂದಲ್ಲೆಲ್ಲ ಅದು ಕೈತಪ್ಪಿದೆ. ಕೆಜಿಎಫ್‌ಗೆ ಆ ಕಾಗದ ಬರೆಯುವ ಹೊತ್ತು ಈಗ ಬಂದಿದೆ.

ದಿಬ್ಬದಲ್ಲಿ ಇರುವುದೇನು

ಚಾಂಪಿಯನ್ ರೀಫ್ಸ್‌ನಿಂದ ಮಾರಿಕುಪ್ಪದವರೆಗೆ ಓಡಾಡಿದವರಿಗೆ ಆ ದಿಬ್ಬಗಳನ್ನು ವಿವರಿಸಬೇಕಿಲ್ಲ. ಮರವಿಲ್ಲದ, ಬೂದು ಮಿಶ್ರಿತ ಹಳದಿ ಬಣ್ಣದ, ಮಳೆನೀರು ಕೊರೆದು ಸೀಳುಬಿಟ್ಟ ಗುಡ್ಡಗಳು. ನಿಸರ್ಗ ಮಾಡಿದ್ದಲ್ಲ, ಗಿರಣಿ ಮಾಡಿದ್ದು. ಗಣಿಯಿಂದ ಮೇಲೆ ಬಂದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಕಲಸಿ, ಚಿನ್ನವನ್ನು ಕರಗಿಸಿಕೊಂಡು, ಉಳಿದ ಕೆಸರನ್ನು ಹೊರಗೆ ಸುರಿಯುತ್ತಿದ್ದರು. ಒಂದು ಕಾಲಕ್ಕೆ ಟನ್ ಅದಿರಿಗೆ ಹತ್ತಾರು ಗ್ರಾಂ ಚಿನ್ನ ಸಿಗುತ್ತಿತ್ತು, ಕೊನೆಕೊನೆಗೆ ಅದು ಕೆಲವೇ ಗ್ರಾಂಗೆ ಇಳಿಯಿತು. ಅಂದರೆ ಮೇಲೆ ತಂದ ಕಲ್ಲೆಲ್ಲ ಹೆಚ್ಚುಕಡಿಮೆ ಇಡಿಯಾಗಿ ದಿಬ್ಬವಾಯಿತು. ನೂರಿಪ್ಪತ್ತು ವರ್ಷದಲ್ಲಿ ಈ ನೆಲ ಕೊಟ್ಟ ಚಿನ್ನ ಸುಮಾರು 800 ಟನ್. ಹೊರಗೆ ಬಿದ್ದಿರುವ ಮಣ್ಣು ಸುಮಾರು 3.3 ಕೋಟಿ ಟನ್.

ಈ ಮಣ್ಣಿನಲ್ಲಿ ಟನ್ನಿಗೆ ಸರಾಸರಿ 0.7 ಗ್ರಾಂನಷ್ಟು ಚಿನ್ನ ಇದೆ ಎಂಬುದು ಚಲಾವಣೆಯಲ್ಲಿರುವ ಅಂದಾಜು. ಗುಣಿಸಿದರೆ ಸುಮಾರು 23 ಟನ್. ಹತ್ತು ಗ್ರಾಂ ಚಿನ್ನದ ಬೆಲೆ 2025ರಲ್ಲಿ ಒಂದು ಲಕ್ಷ ರೂಪಾಯಿ ದಾಟಿತು. ಆ ದರದಲ್ಲಿ 23 ಟನ್ನಿನ ಬೆಲೆ 23 ಸಾವಿರ ಕೋಟಿ ರೂಪಾಯಿ. ಪೂರ್ತಿ ಚಿನ್ನ ಯಾವ ತಂತ್ರಜ್ಞಾನದಿಂದಲೂ ಕೈಗೆ ಬರುವುದಿಲ್ಲ, ತೆಗೆಯುವ ಖರ್ಚೂ ದೊಡ್ಡದು. ಅರ್ಧವೇ ಸಿಕ್ಕಿತು ಎಂದಿಟ್ಟುಕೊಂಡರೂ, ಅದರಲ್ಲಿ ನೂರಕ್ಕೆ ಒಂದು ಪಾಲನ್ನು ಊರಿಗೆ ಎತ್ತಿಟ್ಟರೆ ನೂರು ಕೋಟಿ ದಾಟುತ್ತದೆ. ಹಾಗಾಗಿ ಹಣವಿಲ್ಲ ಎಂಬ ಮಾತನ್ನು ಕೆಜಿಎಫ್ ವಿಷಯದಲ್ಲಿ ಇನ್ನು ಮುಂದೆ ಯಾರೂ ಆಡುವಂತಿಲ್ಲ.

ದಿಬ್ಬಗಳ ಅಪಾಯದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಸೈನೈಡ್ ಎಂದ ಕೂಡಲೇ ಎಲ್ಲರೂ ವಿಷದ ಬಗ್ಗೆ ಯೋಚಿಸುತ್ತಾರೆ. ಆದರೆ ಬಿಸಿಲು ಗಾಳಿಗೆ ತೆರೆದುಕೊಂಡ ಸೈನೈಡಿನ ಬಹುಪಾಲು ವರ್ಷಗಳು ಕಳೆದಂತೆ ಒಡೆದು ಹೋಗುತ್ತದೆ. ಲೋಹಗಳ ಜೊತೆ ಬಿಗಿಯಾಗಿ ಸೇರಿಕೊಂಡ ಅಂಶ ಮಾತ್ರ ಹೆಚ್ಚು ಕಾಲ ಉಳಿಯುತ್ತದೆ. ಇಂಥ ದಿಬ್ಬಗಳಲ್ಲಿ ದೀರ್ಘಕಾಲ ಕಾಡುವುದು ಮುಖ್ಯವಾಗಿ ಎರಡು. ಒಂದು, ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ನುಣ್ಣಗಿನ ಸಿಲಿಕಾ ದೂಳು. ಇನ್ನೊಂದು, ಗಂಧಕ ಬೆರೆತ ಖನಿಜಗಳು ಗಾಳಿ ನೀರಿನೊಡನೆ ಸೇರಿ ಆಮ್ಲವಾಗಿ, ಅದರೊಂದಿಗೆ ಭಾರಲೋಹಗಳು ಕೆರೆ, ಬಾವಿಗಳ ಕಡೆಗೆ ಹರಿಯುವುದು. ಆಷಾಢದ ಗಾಳಿ ಎದ್ದಾಗ ಈ ದೂಳು ಅಡುಗೆಮನೆ, ಹಾಸಿಗೆ, ಒಣಹಾಕಿದ ಬಟ್ಟೆ ಯಾವುದನ್ನೂ ಬಿಡುವುದಿಲ್ಲ. ದಿಬ್ಬದ ಬುಡದಲ್ಲೇ ಮನೆಗಳಿವೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ದೂಳನ್ನು ಕುಡಿದವರಿಗೆ ಗಣಿಯ ಸಂಬಳವೂ ಇಲ್ಲ, ಗಣಿಯ ಆಸ್ಪತ್ರೆಯೂ ಇಲ್ಲ.

ಕಂಪನಿಯೇ ಊರಾಗಿದ್ದಾಗ

ಕೆಜಿಎಫ್‌ ಕಷ್ಟ ಉಳಿದ ಮುಚ್ಚಿದ ಕಾರ್ಖಾನೆಗಳ ಕಷ್ಟದಂತಲ್ಲ. ಬೆಂಗಳೂರಿನ ಬಿನ್ನಿ ಮಿಲ್ ಮುಚ್ಚಿದಾಗ ಕೆಲಸ ಹೋಯಿತು, ಸುತ್ತಲಿನ ನಗರ ಉಳಿಯಿತು. ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳೂ ಮಾಲ್‌ ಕೂಡ ಎದ್ದವು. ಕೆಜಿಎಫ್‌ನಲ್ಲಿ ಕಂಪನಿಯೇ ಊರು. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಬಂದ ಮೇಲೆ ನೀರು ಕೊಟ್ಟಿದ್ದು ಕಂಪನಿ, ಬೇತಮಂಗಲದಿಂದ. ಮನೆ, ಆಸ್ಪತ್ರೆ, ಕ್ಲಬ್ ಎಲ್ಲವೂ ಅದರವೇ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂತಿ ಎಳೆದದ್ದು ಈ ಗಣಿಗಾಗಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಅದು ಕೇಂದ್ರಕ್ಕೆ ಹೋಯಿತು, 1972ರಲ್ಲಿ ಬಿಜಿಎಂಎಲ್ ಆಯಿತು. ಯಜಮಾನರು ಬದಲಾದರು, ವ್ಯವಸ್ಥೆ ಹಾಗೇ ಇತ್ತು. ಹಾಗಾಗಿ 2001ರಲ್ಲಿ ಒಂದು ಉದ್ಯೋಗ ಮುಚ್ಚಿದಾಗ ಒಂದು ಊರಿನ ನೀರು, ಔಷಧಿ, ಸೂರು ಎಲ್ಲದರ ಹೊಣೆ ಹೊರುವವರು ಒಮ್ಮೆಲೇ ಇಲ್ಲವಾದರು.

ಸೂರಿನ ವಿಷಯ ಎಲ್ಲಕ್ಕಿಂತ ಕಹಿ. ಗಣಿಗೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತ ಕುಟುಂಬಗಳವರು, ಜೊತೆಗೆ ತೆಲುಗು, ಕನ್ನಡದ ಕುಟುಂಬಗಳೂ ಇದ್ದವು. ಅವರಿಗೆ ಕಂಪನಿ ಕೊಟ್ಟದ್ದು ಲೈನ್ ಮನೆಗಳು. ಸಾಲುಸಾಲಾಗಿ ಗೋಡೆಗೆ ಗೋಡೆ ಅಂಟಿದ, ಒಂದು ಕೋಣೆಗಿಂತ ತುಸು ದೊಡ್ಡದಾದ ಗೂಡುಗಳು. ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಬೆಳೆದಿವೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ, ಬಂಡೆ ಮುಟ್ಟಿದರೆ ಕೈ ಸುಡುವ ತಾವಿಗೆ ಇಳಿದು ದೇಶಕ್ಕೆ ಚಿನ್ನ ತಂದುಕೊಟ್ಟವರ ಮೊಮ್ಮಕ್ಕಳು ಇಂದೂ ತಾವಿರುವ ಮನೆಯ ಹಕ್ಕುಪತ್ರಕ್ಕಾಗಿ ಅರ್ಜಿ ಹಿಡಿದು ಅಲೆಯುತ್ತಾರೆ. ಗಣಿಯ ಬಗ್ಗೆ ಎಷ್ಟು ಯೋಜನೆ ಬಂದರೂ ಅವರಿಗೆ ಮೊದಲು ಹುಟ್ಟುವುದು ಆಸೆಯಲ್ಲ, ಎಬ್ಬಿಸಿ ಕಳಿಸುತ್ತಾರೇನೋ ಎಂಬ ಭಯ. ಇದನ್ನು ಅರ್ಥ ಮಾಡಿಕೊಳ್ಳದ ಯಾವ ನಕ್ಷೆಯೂ ಕೆಜಿಎಫ್‌ನಲ್ಲಿ ನಿಲ್ಲಲಾರದು.

2011ರ ಜನಗಣತಿಯ ಹೊತ್ತಿಗೆ ಪಟ್ಟಣದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದರು. ಗಣಿ ಮುಚ್ಚಿ ಹತ್ತು ವರ್ಷವಾದರೂ ಅಷ್ಟು ಮಂದಿ ಊರು ಬಿಟ್ಟಿರಲಿಲ್ಲ ಎಂಬುದೇ ದೊಡ್ಡ ಸಂಗತಿ. ಅವರನ್ನು ಉಳಿಸಿದ್ದು ರೈಲು. ಬೆಳಗಿನ ಜಾವ ಮಾರಿಕುಪ್ಪದಿಂದ ಹೊರಡುವ ಗಾಡಿಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಕಾರ್ಖಾನೆ, ಆಸ್ಪತ್ರೆ, ಅಂಗಡಿ, ಸೆಕ್ಯುರಿಟಿ ಕೆಲಸಗಳಿಗೆ ಹೋಗಿ ರಾತ್ರಿ ವಾಪಸು ಬರುತ್ತಾರೆ.

ಕಾನೂನು ತಡವಾಗಿ ಬಂತು

ಗಣಿ ಮುಚ್ಚುವಾಗ ನೆಲವನ್ನು ಸರಿಪಡಿಸಿ ಹೋಗಬೇಕು, ಅದಕ್ಕೆ ಮೊದಲೇ ಯೋಜನೆ ಸಲ್ಲಿಸಿ ಹಣದ ಭದ್ರತೆ ಇಡಬೇಕು ಎಂಬ ನಿಯಮ ಇಂದು ನಮ್ಮಲ್ಲಿ ಇದೆ. ಗಣಿ ಮುಚ್ಚುಗಡೆ ಯೋಜನೆಯನ್ನು ಕಡ್ಡಾಯ ಮಾಡಿದ ತಿದ್ದುಪಡಿ ಬಂದದ್ದು 2003ರಲ್ಲಿ. ಕೆಜಿಎಫ್ ಮುಚ್ಚಿದ್ದು 2001ರಲ್ಲಿ. ಎರಡೇ ವರ್ಷದ ಅಂತರದಲ್ಲಿ ಒಂದು ಊರು ಕಾನೂನಿನ ರಕ್ಷಣೆಯಿಂದ ಹೊರಗುಳಿಯಿತು. ಗಣಿಬಾಧಿತ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ್ದು 2015ರಲ್ಲಿ. ಅದಕ್ಕೆ ಹಣ ಹರಿದು ಬರುವುದು ನಡೆಯುತ್ತಿರುವ ಗಣಿಗಳ ರಾಯಧನದ ಲೆಕ್ಕದಿಂದ, ಮುಚ್ಚಿದ ಗಣಿಯಿಂದ ಏನು ಬಂದೀತು? 2025ರಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ಹೊಸ ನಿಯಮ ತಂದಿತು. ಬಹುದಿನಗಳಿಂದ ಬೇಕಾಗಿದ್ದ ನಿಯಮ ಅದು. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯಕ್ಕೆ ಬೇರೆ ಕಾನೂನು ಇದೆ ಎಂಬ ಕಾರಣಕ್ಕೆ ಅದನ್ನು ಸಾಮಾನ್ಯವಾಗಿ ಈ ವ್ಯಾಪ್ತಿಯಿಂದ ಹೊರಗಿಟ್ಟಿದ್ದಾರೆ. ಹೀಗೆ ಕೆಜಿಎಫ್ ಹಳೆಯ ಕಾನೂನಿಗೆ ಹೊಸದು, ಹೊಸ ಕಾನೂನಿಗೆ ಹಳೆಯದು.

ಆದ್ದರಿಂದಲೇ ದಿಬ್ಬಗಳ ಮರುಸಂಸ್ಕರಣೆ ನನಗೆ ಮುಖ್ಯವಾಗಿ ಕಾಣುತ್ತದೆ. ಚಿನ್ನದ ಆಸೆಗಲ್ಲ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಈ ನೆಲದಲ್ಲಿ ಯಾರೋ ಒಬ್ಬರು ಹೊಸದಾಗಿ ಒಪ್ಪಂದಕ್ಕೆ ಸಹಿ ಹಾಕಬೇಕಾಗುತ್ತದೆ. ಸಹಿ ಹಾಕುವಾಗ ಷರತ್ತು ಹಾಕಬಹುದು. ಆ ಅವಕಾಶ ಇನ್ನೊಮ್ಮೆ ಬರುವುದಿಲ್ಲ.

ಎರಡು ಚಿನ್ನದ ಗಣಿಗಳು, ಒಂದು ಪಂಪು

ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿ ಲೀಡ್ ಎಂಬ ಪುಟ್ಟ ಊರಿದೆ. ಅಲ್ಲಿನ ಹೋಮ್‌ಸ್ಟೇಕ್ ಚಿನ್ನದ ಗಣಿ ಕೆಜಿಎಫ್‌ನ ಸೋದರನಂತಿತ್ತು. ಅದೂ ಹತ್ತೊಂಬತ್ತನೇ ಶತಮಾನದ್ದು, ಅದೂ ಬಹಳ ಆಳದ್ದು, ಅದು ಮುಚ್ಚಿದ್ದು 2002ರಲ್ಲಿ. ಎರಡಕ್ಕೂ ಇನ್ನೊಂದು ನಂಟಿತ್ತು: ನ್ಯೂಟ್ರಿನೊ. ಕಣ್ಣಿಗೆ ಕಾಣದ, ಬಹುತೇಕ ಎಲ್ಲವನ್ನೂ ದಾಟಿ ಹೋಗುವ ಈ ಕಣಗಳನ್ನು ಹಿಡಿಯಲು ಆಳದ ಗಣಿಯೇ ಬೇಕು, ಮೇಲಿನ ಬಂಡೆ ಉಳಿದ ಗದ್ದಲವನ್ನೆಲ್ಲ ತಡೆಯುತ್ತದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್‌ನ ಸಹೋದ್ಯೋಗಿಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಜಗತ್ತಿನಲ್ಲೇ ಮೊದಲು ಕಂಡವರ ಸಾಲಿಗೆ ಸೇರಿದ್ದು ಚಾಂಪಿಯನ್ ರೀಫ್ಸ್‌ನ ಸುಮಾರು 2.3 ಕಿಲೋಮೀಟರ್ ಆಳದಲ್ಲಿ. ಈ ಸಂಗತಿ ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ. ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಎಂದು ಯೋಚಿಸಿದರೆ ಸಂಕಟವೂ ಆಗುತ್ತದೆ. ಹೋಮ್‌ಸ್ಟೇಕ್‌ನಲ್ಲಿ ರೇ ಡೇವಿಸ್ ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನು ದಶಕಗಳ ಕಾಲ ಎಣಿಸಿದರು. ಅವರಿಗೆ ನೊಬೆಲ್ ಬಂದ ವರ್ಷವೂ 2002.

ಮುಂದೆ ಎರಡು ಗಣಿಗಳ ದಾರಿ ಬೇರೆಯಾಯಿತು. ಹೋಮ್‌ಸ್ಟೇಕ್‌ನಲ್ಲೂ 2003ರಲ್ಲಿ ನೀರೆತ್ತುವ ಪಂಪುಗಳನ್ನು ನಿಲ್ಲಿಸಿದರು, ಗಣಿ ಮುಳುಗತೊಡಗಿತು. ಆದರೆ 2004ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಗಣಿಯನ್ನು ವಿಜ್ಞಾನಕ್ಕೆ ಬಳಸಲೆಂದೇ ಒಂದು ಪ್ರಾಧಿಕಾರ ಕಟ್ಟಿತು. 2006ರಲ್ಲಿ ಕಂಪನಿ ಗಣಿಯನ್ನು ರಾಜ್ಯಕ್ಕೆ ದಾನವಾಗಿ ಬಿಟ್ಟುಕೊಟ್ಟಿತು. ಒಬ್ಬ ಬ್ಯಾಂಕ್ ಉದ್ಯಮಿ 7 ಕೋಟಿ ಡಾಲರ್ ಕೊಡುತ್ತೇನೆಂದರು. 2008ರಲ್ಲಿ ಪಂಪು ಮತ್ತೆ ಓಡಿತು. ಇಂದು ಅಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಸ್ಯಾನ್‌ಫರ್ಡ್ ಪ್ರಯೋಗಾಲಯ ಇದೆ, ಜಗತ್ತಿನ ಅತಿ ದೊಡ್ಡ ನ್ಯೂಟ್ರಿನೊ ಪ್ರಯೋಗಗಳಲ್ಲಿ ಒಂದು ಅಲ್ಲೇ ಸಿದ್ಧವಾಗುತ್ತಿದೆ.

ಕೆಜಿಎಫ್‌ನ ಭೂಗರ್ಭ ಪ್ರಯೋಗಗಳು ಗಣಿ ಮುಚ್ಚುವ ಮೊದಲೇ, ತೊಂಬತ್ತರ ದಶಕದ ಆರಂಭದಲ್ಲಿ ನಿಂತಿದ್ದವು. ಗಣಿ ಮುಚ್ಚಿದ ಮೇಲೆ ಪಂಪು ನಿಂತಿತು, ಸಾವಿರ ಕಿಲೋಮೀಟರಿಗೂ ಮಿಕ್ಕಿದ ಸುರಂಗಗಳಿಗೆ ನೀರು ತುಂಬಿತು. ಕೆಳಗೆ ಏನು ಮಾಡಬಹುದಿತ್ತು ಎಂಬ ಮಾತು ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಹಣವಂತರಿಲ್ಲದೆ ಹೀಗಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಗಣಿ ಮುಚ್ಚಿದರೂ ಅದೊಂದು ಆಸ್ತಿ, ಅದನ್ನು ನೋಡಿಕೊಳ್ಳಲು ಒಂದು ಹೊಸ ಸಂಸ್ಥೆ ಬೇಕು ಎಂದು ಆ ಎರಡು ಮೂರು ವರ್ಷದಲ್ಲಿ ಯಾರೂ ನಿರ್ಧರಿಸಲಿಲ್ಲ. ನೆಲ ರಾಜ್ಯದ್ದು, ಕಂಪನಿ ಕೇಂದ್ರದ್ದು, ಬಾಕಿ ಕಾರ್ಮಿಕರದ್ದು, ತಕರಾರು ನ್ಯಾಯಾಲಯದಲ್ಲಿ. ಎಲ್ಲರಿಗೂ ಸೇರಿದ ಜಾಗವನ್ನು ಕಾಯುವವರು ಯಾರೂ ಇರಲಿಲ್ಲ.

ಕಾರ್ನ್‌ವಾಲ್‌ನಿಂದ ಒಂದು ಪಾಠ, ಮುಂಬೈಯಿಂದ ಒಂದು ಎಚ್ಚರಿಕೆ

ಕೆಜಿಎಫ್‌ಗೆ ಗಣಿ ಕೌಶಲ ಹೊತ್ತು ತಂದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು ಬಹಳ. ಅಲ್ಲಿನ ತವರದ ಗಣಿಗಳು ಸೊರಗಿದಾಗ ಅವರು ಜಗತ್ತಿನ ಮೂಲೆಮೂಲೆಗೂ ಹೋದರು, ನಮ್ಮ ಕೋಲಾರಕ್ಕೂ ಬಂದರು. ಅವರ ಸ್ವಂತ ಊರಿನ ಕೊನೆಗಾಲದ ಗಣಿಗಳಲ್ಲೊಂದಾದ ಗೀವರ್ 1990ರಲ್ಲಿ ಮುಚ್ಚಿತು. ಮುಚ್ಚಿದ ಎರಡೇ ವರ್ಷಕ್ಕೆ ಅಲ್ಲಿನ ಕೌಂಟಿ ಆಡಳಿತ ಜಾಗವನ್ನು ಕೊಂಡುಕೊಂಡಿತು. ಯಂತ್ರಗಳನ್ನು ಗುಜರಿಗೆ ಹಾಕಲಿಲ್ಲ. 2001ರಿಂದ ಅದನ್ನು ನಡೆಸುತ್ತಿರುವುದು ಸ್ಥಳೀಯರದೇ ಒಂದು ಸಂಸ್ಥೆ. ಗಣಿಯಲ್ಲಿ ದುಡಿದವರೇ ಮಾರ್ಗದರ್ಶಕರಾಗಿ ಬಂದವರನ್ನು ಸುತ್ತಾಡಿಸಿದರು. 2006ರಲ್ಲಿ ಕಾರ್ನ್‌ವಾಲ್‌ನ ಗಣಿ ಸೀಮೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕೆಜಿಎಫ್ ಮುಚ್ಚಿದ ವರ್ಷವೇ ಗೀವರ್ ಊರವರ ಕೈಗೆ ಬಂದದ್ದು ಕಾಕತಾಳೀಯ ಇರಬಹುದು. ನಡುವಿನ ಅಂತರ ಮಾತ್ರ ಆಕಸ್ಮಿಕವಲ್ಲ: ಅಲ್ಲಿ ಸ್ಥಳೀಯ ಆಡಳಿತದ ಬಳಿ ಕೊಳ್ಳುವ ಅಧಿಕಾರವೂ ಹಣವೂ ಇತ್ತು.

ಜರ್ಮನಿಯ ಡೂಯಿಸ್‌ಬುರ್ಗ್ ನಗರದಲ್ಲಿ ಉಕ್ಕಿನ ಕಾರ್ಖಾನೆ 1985ರಲ್ಲಿ ನಿಂತಾಗ ಕೆಡವುವ ಮಾತು ಬಂತು. ಊರಿನವರೇ ಅಡ್ಡ ನಿಂತರು. ವಿನ್ಯಾಸಕಾರ ಪೀಟರ್ ಲಾಟ್ಸ್ ಕುಲುಮೆಗಳನ್ನು ಉಳಿಸಿಕೊಂಡೇ ಸುಮಾರು 180 ಹೆಕ್ಟೇರಿನ ಉದ್ಯಾನ ಮಾಡಿದರು. ಅದಿರು ತುಂಬುತ್ತಿದ್ದ ಗೋಡೆಗಳಲ್ಲಿ ಇಂದು ಮಕ್ಕಳು ಬಂಡೆ ಹತ್ತುವುದನ್ನು ಕಲಿಯುತ್ತಾರೆ, ಹಳೆಯ ಅನಿಲ ತೊಟ್ಟಿಯಲ್ಲಿ ನೀರು ತುಂಬಿ ಡೈವಿಂಗ್ ತರಬೇತಿ ಕೊಡುತ್ತಾರೆ. ಆದರೆ ಇದನ್ನು ನೋಡಿ ಮರುಳಾಗಬಾರದು. ಆ ಪ್ರದೇಶದ ಕಾರ್ಮಿಕರಿಗೆ ಉದ್ಯಾನ ಹಳೆಯ ಕೆಲಸವನ್ನು ಹಿಂದಿರುಗಿಸಲಿಲ್ಲ, ನಿರುದ್ಯೋಗ ಅಲ್ಲಿ ಇಂದಿಗೂ ದೇಶದ ಸರಾಸರಿಗಿಂತ ಹೆಚ್ಚು. ಉದ್ಯಾನ, ವಸ್ತುಸಂಗ್ರಹಾಲಯಗಳು ಊರಿನ ಮರ್ಯಾದೆಯನ್ನು ಉಳಿಸಬಲ್ಲವು, ಸಾವಿರಾರು ಮನೆಗಳ ಒಲೆ ಹೊತ್ತಿಸಲಾರವು.

ಇನ್ನು ಮುಂಬೈ. 1982ರ ಮುಷ್ಕರದ ನಂತರ ಒಂದೊಂದಾಗಿ ನಿಂತ ಬಟ್ಟೆ ಗಿರಣಿಗಳ ಬಳಿ ನಗರದ ನಡುವೆ ಸುಮಾರು 600 ಎಕರೆ ಇತ್ತು. 1991ರ ಅಭಿವೃದ್ಧಿ ನಿಯಮದಲ್ಲಿ ಒಂದು ಒಳ್ಳೆಯ ಸೂತ್ರ ಬರೆದರು: ಗಿರಣಿ ಜಾಗ ಮಾರುವಾಗ ಮೂರರಲ್ಲಿ ಒಂದು ಭಾಗ ಬಯಲು ಜಾಗಕ್ಕೆ, ಒಂದು ಭಾಗ ಬಡವರ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಆ ನಿಯಮವನ್ನು ತಿದ್ದಿದರು. ಹಂಚಿಕೆಯ ಸೂತ್ರ ಹಾಗೇ ಉಳಿಯಿತು, ಆದರೆ ಅದು ಕಟ್ಟಡವಿಲ್ಲದೆ ಖಾಲಿ ಬಿದ್ದ ನೆಲಕ್ಕೆ ಮಾತ್ರ ಅನ್ವಯ ಎಂದಾಯಿತು. ಗಿರಣಿ ಎಂದರೆ ಬಹುಪಾಲು ಕಟ್ಟಡವೇ. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನೂರಾರು ಎಕರೆ ಸಾರ್ವಜನಿಕರ ಪಾಲಿನಿಂದ ಜಾರಿ ಮಾಲ್, ಗೋಪುರಗಳ ಕಡೆಗೆ ಹೋಯಿತು. ಒಂದೂ ಬುಲ್ಡೋಜರ್ ಬರುವ ಮೊದಲೇ ಒಂದು ವಾಕ್ಯದಲ್ಲಿ ಆ ಕೆಲಸ ಮುಗಿದಿತ್ತು. ಕೆಜಿಎಫ್ ಬಗ್ಗೆ ಕಾಳಜಿ ಇರುವವರು ಒಪ್ಪಂದದ ಪ್ರತಿ ವಾಕ್ಯವನ್ನೂ ಓದಬೇಕು ಎನ್ನುವುದು ಇದಕ್ಕೇ.

ಒಪ್ಪಂದದಲ್ಲಿ ಏನಿರಬೇಕು

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಚಿನ್ನ ತೆಗೆದ ಮೇಲೆ ಆ 3.3 ಕೋಟಿ ಟನ್ ಮಣ್ಣು ಎಲ್ಲಿಗೆ ಹೋಗುತ್ತದೆ? ಟನ್ನಿಗೆ ಒಂದು ಗ್ರಾಂ ಚಿನ್ನ ತೆಗೆದರೂ ಟನ್ ಟನ್ನಾಗಿಯೇ ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸುತ್ತ ಇಂಥ ದಿಬ್ಬಗಳನ್ನು ಎಪ್ಪತ್ತರ ದಶಕದಿಂದ ಮತ್ತೆ ಸಂಸ್ಕರಿಸುತ್ತಿದ್ದಾರೆ. ನೀರಿನ ಜೋರು ಧಾರೆಯಿಂದ ದಿಬ್ಬವನ್ನು ಕೆಸರು ಮಾಡಿ, ಕೊಳವೆಯಲ್ಲಿ ಕಾರ್ಖಾನೆಗೆ ಹರಿಸಿ, ಚಿನ್ನ ಹಿಂಡಿ, ಉಳಿದದ್ದನ್ನು ಊರಾಚೆ ಒಂದೇ ದೊಡ್ಡ ಸಂಗ್ರಹಕ್ಕೆ ಒಯ್ಯುತ್ತಾರೆ. ನಗರದೊಳಗೆ ದಿಬ್ಬ ನಿಂತಿದ್ದ ನೆಲ ಬಿಡುವಾಗುತ್ತದೆ. ಇದು ಒಳ್ಳೆಯ ಭಾಗ. ಆದರೆ ಹೊಸ ಸಂಗ್ರಹದ ಪಕ್ಕದವರಿಗೆ ಹಳೆಯ ದೂಳೇ ಹೊಸ ವಿಳಾಸದಲ್ಲಿ ಬರುತ್ತದೆ, ಕೆಲಸ ನಡೆಯುವಾಗ ಅರ್ಧ ಕೊರೆದ ದಿಬ್ಬ ಮೊದಲಿಗಿಂತ ಹೆಚ್ಚು ದೂಳೆಬ್ಬಿಸುತ್ತದೆ. ಇನ್ನೊಂದು ತೊಡಕು ಕೋಲಾರಕ್ಕೇ ವಿಶೇಷ: ಈ ವಿಧಾನಕ್ಕೆ ಬೇಕಾದಷ್ಟು ನೀರನ್ನು ಬರದ ಜಿಲ್ಲೆಯಲ್ಲಿ ಎಲ್ಲಿಂದ ತರುವುದು? ಗಣಿಯೊಳಗೆ ನಿಂತ ನೀರನ್ನೇ ಎತ್ತಿ, ಶುದ್ಧ ಮಾಡಿ, ಮತ್ತೆ ಮತ್ತೆ ಬಳಸುವಂತೆ ಕಡ್ಡಾಯ ಮಾಡಬಹುದೇ ಎಂದು ಎಂಜಿನಿಯರುಗಳು ಬಹಿರಂಗವಾಗಿ ಲೆಕ್ಕ ಕೊಡಬೇಕು. ಊರಿನ ಕುಡಿಯುವ ನೀರಿಗೆ ಕೈ ಹಾಕಿದರೆ ಆ ಯೋಜನೆಯನ್ನು ಜನ ಒಪ್ಪಬಾರದು.

ಉಳಿದ ಮಣ್ಣನ್ನು ಇಟ್ಟಿಗೆಗೆ ಬಳಸುವ ಪ್ರಯೋಗಗಳು ನಡೆದಿವೆ. ಭಾರಲೋಹ ಹೊರಗೆ ಸೋರದಂತೆ ಸಾಬೀತಾದರೆ ಅದು ಊರಿನ ಯುವಕರಿಗೆ ಸಣ್ಣ ಉದ್ದಿಮೆಯಾಗಬಹುದು. ಆದರೆ ಕೋಟಿಗಟ್ಟಲೆ ಟನ್ನಿನ ಮುಂದೆ ಇಟ್ಟಿಗೆ ಗೂಡಿನ ಹಸಿವು ಎಷ್ಟು? ಹೆಚ್ಚಿನ ಪಾಲನ್ನು ತಳಕ್ಕೆ ಪದರ ಹಾಸಿದ ಸಂಗ್ರಹದಲ್ಲಿಟ್ಟು, ಮೇಲೆ ಮಣ್ಣು ಹೊದಿಸಿ, ಹುಲ್ಲು ಬೆಳೆಸಲೇಬೇಕು. ಅದರ ಖರ್ಚನ್ನು ಕಂಪನಿ ಮೊದಲೇ ಭದ್ರತೆಯಾಗಿ ಕಟ್ಟಬೇಕು. 2001ರಲ್ಲಿ ಇಲ್ಲದ ನಿಯಮವನ್ನು ಈಗ ಕಂಪನಿ ಪಾಲಿಸುವಂತೆ ಮಾಡಬಹುದು.

ಎರಡನೆಯದು ಮನೆ. ಲೈನ್ ಮನೆಗಳ ಹಕ್ಕುಪತ್ರ ಹಂಚುವ ಕೆಲಸ ಗುತ್ತಿಗೆ ಕೊಡುವ ಮೊದಲು ಮುಗಿಯಬೇಕು, ಜೊತೆಜೊತೆಗೆ ಎಂಬ ಮಾತೂ ಬೇಡ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಈಗಾಗಲೇ ತೆರೆದಿದೆ. ನೆಲದ ಬೆಲೆ ಏರುವ ಕಡೆ ಹಕ್ಕುಪತ್ರವಿಲ್ಲದವರನ್ನು ಒತ್ತುವರಿದಾರರೆಂದು ಕರೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಕಾಗದ ಕೈಯಲ್ಲಿದ್ದವರು ಮಾತ್ರ ಯೋಜನೆಯ ಮುಂದೆ ನಿಂತು ಚೌಕಾಸಿ ಮಾಡಬಲ್ಲರು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಇರಲಿ. ಗಣಿ ಕೆಲಸ ಮಾಡಿ ತೀರಿಹೋದವರ ವಿಧವೆಯರು ಈ ಸಾಲುಗಳಲ್ಲಿ ಬಹಳ ಜನ ಇದ್ದಾರೆ, ಅವರನ್ನು ವಾರಸುದಾರಿಕೆಯ ಪತ್ರಗಳಿಗಾಗಿ ಅಲೆಸಬಾರದು.

ಮೂರನೆಯದು ಆರೋಗ್ಯ. ಹಳೆಯ ಗಣಿ ಕಾರ್ಮಿಕರಿಗೂ ದಿಬ್ಬದ ಪಕ್ಕದ ನಿವಾಸಿಗಳಿಗೂ ಎದೆಯ ಎಕ್ಸ್‌ರೇ, ಶ್ವಾಸ ಪರೀಕ್ಷೆ ಮಾಡಿ ದಾಖಲೆ ಇಡಬೇಕು, ಅದೂ ಕೆಲಸ ಆರಂಭವಾಗುವ ಮುನ್ನ. ಮೊದಲ ದಾಖಲೆ ಇಲ್ಲದಿದ್ದರೆ ನಾಳೆ ರೋಗ ಹೆಚ್ಚಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತಾರೆ? ರಾಜಸ್ಥಾನ 2019ರಲ್ಲೇ ಸಿಲಿಕೋಸಿಸ್, ಅಂದರೆ ಸಿಲಿಕಾ ದೂಳಿನಿಂದ ಬರುವ ಶ್ವಾಸಕೋಶದ ರೋಗದ ಪೀಡಿತರಿಗೆ ಗುರುತಿಸುವಿಕೆ, ಪರಿಹಾರ, ಪಿಂಚಣಿಯ ನೀತಿ ಮಾಡಿತು. ದೇಶದ ಅತಿ ಆಳದ ಗಣಿಯನ್ನು ನಡೆಸಿದ ರಾಜ್ಯ ನಮ್ಮದು, ನಮಗೂ ಅಂಥ ನೀತಿ ಬೇಕು. ದೂಳು ಅಳೆಯುವ ಯಂತ್ರಗಳನ್ನು ಶಾಲೆಗಳ ಆವರಣದಲ್ಲಿ ಇಡಲಿ, ಅಂಕಿಯನ್ನು ಪ್ರತಿದಿನ ಕನ್ನಡದಲ್ಲೂ ತಮಿಳಿನಲ್ಲೂ ಬೋರ್ಡಿಗೆ ಬರೆಯಲಿ.

ಹಣ ಮತ್ತು ಆಡಳಿತದ ವಿಷಯಕ್ಕೆ ಬಂದರೆ, ಖನಿಜ ಪ್ರತಿಷ್ಠಾನದ ಹಣ ಜಿಲ್ಲೆಗೆ ಬರುತ್ತದೆಯೇ ಹೊರತು ಗಣಿ ಲೈನ್‌ಗಳಿಗೆ ತಾನಾಗಿ ತಲುಪುವುದಿಲ್ಲ. ಹಾಗಾಗಿ ಮಾರಿದ ಚಿನ್ನದ ಒಂದು ಸಣ್ಣ ನಿಶ್ಚಿತ ಪಾಲು ನೇರವಾಗಿ ಊರಿನದೇ ಟ್ರಸ್ಟಿಗೆ ಹೋಗುವಂತೆ ಒಪ್ಪಂದದಲ್ಲೇ ಬರೆಯಬೇಕು. ಅದರಲ್ಲಿ ನಗರಸಭೆ, ಹಳೆಯ ಕಾರ್ಮಿಕರ ಸಂಘಗಳು, ಮಹಿಳಾ ಸಂಘಗಳು ಕೂರಬೇಕು, ಜಿಲ್ಲಾಧಿಕಾರಿ ಅಧ್ಯಕ್ಷರಾದರೂ ಬಹುಮತ ಊರವರದ್ದಿರಬೇಕು. ದಿಬ್ಬ ತೆರವಾದಂತೆ ಬಿಡುಗಡೆಯಾಗುವ ನೆಲವೂ ಇದೇ ಟ್ರಸ್ಟಿನ ಕೈಯಲ್ಲಿ ಇರಲಿ. ಮಾರುವ ಹಕ್ಕು ಬೇಡ, ಗುತ್ತಿಗೆಗೆ ಕೊಡುವ ಹಕ್ಕು ಸಾಕು.

ಆ ಹಣದಲ್ಲಿ ಏನು ಮಾಡಬೇಕು ಎಂಬುದನ್ನು ಹೊರಗಿನವರು ಹೇಳಬಾರದು. ಒಂದೆರಡು ಆಸೆ ಮಾತ್ರ ಹಂಚಿಕೊಳ್ಳುತ್ತೇನೆ. ಮುಚ್ಚಿದ ಆಸ್ಪತ್ರೆಯಲ್ಲಿ ಮತ್ತೆ ದೀಪ ಹತ್ತಿ, ಶ್ವಾಸಕೋಶದ ರೋಗಗಳಿಗೆ ವಿಶೇಷ ವಿಭಾಗ ಬರಲಿ. ಗಣಿ, ಯಂತ್ರ, ಬೆಸುಗೆ ಬಲ್ಲ ಹಿರಿಯರು ಇರುವಾಗಲೇ ಒಂದು ತಾಂತ್ರಿಕ ತರಬೇತಿ ಕೇಂದ್ರ ಬರಲಿ. 1964ರಿಂದಲೂ ಬೆಮೆಲ್ ಕಾರ್ಖಾನೆ ಪಕ್ಕದಲ್ಲೇ ಇದೆ, ಕಲಿತವರಿಗೆ ಬೇಡಿಕೆ ಇಲ್ಲದಿಲ್ಲ. ಉಳಿದಿರುವ ಶಾಫ್ಟ್ ಗೋಪುರಗಳನ್ನು ಗುಜರಿಗೆ ಕೊಡದಂತೆ ಈಗಲೇ ಪರಂಪರೆಯ ಪಟ್ಟಿಗೆ ಸೇರಿಸಲಿ, ನ್ಯೂಟ್ರಿನೊ ಪ್ರಯೋಗದ ಕಥೆ ಹೇಳುವ ಒಂದು ವಿಜ್ಞಾನ ಕೇಂದ್ರ ಅಲ್ಲಿ ಏಳಲಿ.

ಇದೆಲ್ಲ ಟೆಂಡರ್ ಕರಡಿನ ಹಂತದಲ್ಲಿ ಸೇರದಿದ್ದರೆ ಆಮೇಲೆ ಸೇರಿಸಲು ಕಾನೂನಿನ ಅವಕಾಶ ಬಹಳ ಕಡಿಮೆ. ಕರಡು ಹೊರಬರುವ ಮುನ್ನ ಗಣಿ ಇಲಾಖೆ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಮಾರಿಕುಪ್ಪ ನಾಲ್ಕೂ ಕಡೆ ಬಹಿರಂಗ ಸಭೆ ನಡೆಸಬೇಕು. ಸಭೆ ಭಾನುವಾರವೇ ಇರಬೇಕು, ಉಳಿದ ದಿನ ಊರಿನ ಅರ್ಧ ಜನ ರೈಲಿನಲ್ಲಿ ಇರುತ್ತಾರೆ.